ಇನ್‌ಸ್ಪೈರ್ ಮಾನಕ್‌ಗೆ ಹೈಸ್ಕೂಲ್ ಮಕ್ಕಳ ಐಡಿಯಾ ಕಳಿಸುವುದು: ಯಾವುದು ಮೊದಲು, ಯಾವುದು ಆಮೇಲೆ

“ಐದು ಐಡಿಯಾ ಕಳಿಸಿದ್ವಿ, ಒಂದೂ ಆಯ್ಕೆ ಆಗಲಿಲ್ಲ.” ಶಾಲಾ ಮಕ್ಕಳ ಹೊಸ ಐಡಿಯಾಗೆ ದುಡ್ಡು ಕೊಡುವ ಇನ್‌ಸ್ಪೈರ್ ಮಾನಕ್ ಯೋಜನೆಯ ಪಟ್ಟಿ ಬಂದ ಮೇಲೆ ವಿಜ್ಞಾನ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಪ್ರತಿ ವರ್ಷ ಇದೇ ಮಾತು. ಏನು ಕಳಿಸಿದ್ದಿರಿ ಅಂತ ಕೇಳಿ ನೋಡಿ. ಸ್ಮಾರ್ಟ್ ಡಸ್ಟ್‌ಬಿನ್, ಮಳೆ ಬಂದರೆ ಕೂಗುವ ಅಲಾರಂ, ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ಬೀದಿದೀಪ, ಅಂಧರಿಗೆ ಸೆನ್ಸರ್ ಕೋಲು, ಕುಡಿದವರು ಹಾಕಿಕೊಂಡರೆ ಬೈಕ್ ಸ್ಟಾರ್ಟ್ ಆಗದ ಹೆಲ್ಮೆಟ್. ಇವು ಕೆಟ್ಟ ಐಡಿಯಾಗಳಲ್ಲ. ಆದರೆ ಎಲ್ಲರೂ ಇವನ್ನೇ ಕಳಿಸುತ್ತಾರೆ.

ಎಡವುವುದು ಕ್ರಮದಲ್ಲಿ. ಸುತ್ತೋಲೆ ಬರುತ್ತದೆ, ಫೈಲಿನಲ್ಲಿ ಕೂರುತ್ತದೆ, ಕೊನೆಯ ವಾರದಲ್ಲಿ ‘ನಿಮ್ಮ ಶಾಲೆಯದ್ದು ಸೊನ್ನೆ ತೋರಿಸುತ್ತಿದೆ’ ಅಂತ ಮೇಲಿನಿಂದ ಫೋನ್ ಬರುತ್ತದೆ, ಅವತ್ತೇ ಮಧ್ಯಾಹ್ನ ಯೂಟ್ಯೂಬ್ ತೆರೆದು ಐದು ಮಾಡೆಲ್ ಆರಿಸಿ, ಚೆನ್ನಾಗಿ ಓದುವ ಐದು ಮಕ್ಕಳ ಹೆಸರು ಹಾಕಿ ಕಳಿಸಿಬಿಡುತ್ತಾರೆ. ಐಡಿಯಾ ಏರಿಸುವ ಪೋರ್ಟಲ್ ಮೊದಲು, ಮಗು ಕೊನೆಗೆ. ಇದನ್ನು ತಿರುಗಿಸಬೇಕು. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಜೊತೆ ಸೇರಿ ಈ ಯೋಜನೆ ನಡೆಸುತ್ತದೆ. ಒಂದು ಶಾಲೆಯಿಂದ 5 ಐಡಿಯಾ ಕಳಿಸಬಹುದು. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ಬರುತ್ತದೆ. ದೇಶದಲ್ಲಿ 1 ಲಕ್ಷ ಐಡಿಯಾ ಆರಿಸುವುದು ಯೋಜನೆಯ ಗುರಿ. ಅಲ್ಲಿಂದ ಜಿಲ್ಲಾ ಪ್ರದರ್ಶನ ದಾಟಿ ರಾಜ್ಯ ಮಟ್ಟಕ್ಕೆ 10,000 ಐಡಿಯಾ, ರಾಷ್ಟ್ರ ಮಟ್ಟಕ್ಕೆ 1,000, ಕೊನೆಗೆ ಪ್ರಶಸ್ತಿಗೆ 60. ಮೊದಲು 6ರಿಂದ 10ನೇ ತರಗತಿಗೆ ಮಾತ್ರ ಇತ್ತು, ಈಗ 11 ಮತ್ತು 12ನೇ ತರಗತಿಗೂ ತೆರೆದಿದೆ. ನಾನು ಇಲ್ಲಿ 8, 9, 10ರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

## ಕೈಯಲ್ಲಿ ಏನೇನಿರಬೇಕು

ದೊಡ್ಡ ಲ್ಯಾಬ್ ಬೇಡ. ತರಗತಿಗೊಂದು 200 ಪುಟದ ನೋಟ್‌ಬುಕ್, ಒಂದು ಸ್ಮಾರ್ಟ್‌ಫೋನ್, ಹಳೆ ರಟ್ಟು, ಕತ್ತರಿ, ಅಂಟು, ದಾರ, ಬೈಂಡಿಂಗ್ ತಂತಿ ಸಾಕು. ಶಾಲೆಯ ಯುಡೈಸ್ ಕೋಡ್ (ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತು ಸಂಖ್ಯೆ), ಸದಾ ತೆರೆದು ನೋಡುವ ಒಂದು ಇಮೇಲ್, ಮಕ್ಕಳ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಬೇಕು. ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ಮಾಡಿ ಕಲಿಯುವ ಪ್ರಯೋಗಶಾಲೆ) ಇದ್ದರೆ ಅಲ್ಲಿನ ಮುಖ್ಯ ಶಿಕ್ಷಕರನ್ನು ಒಮ್ಮೆ ಕೇಳಿಕೊಳ್ಳಿ. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಸಮಯ. ಇತ್ತೀಚಿನ ವರ್ಷಗಳಲ್ಲಿ ಪೋರ್ಟಲ್ ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮುಚ್ಚುವ ದಿನಾಂಕ ಇಟ್ಟುಕೊಂಡಿರುತ್ತದೆ. ಕೆಲವೊಮ್ಮೆ ಮುಂದಕ್ಕೆ ಹಾಕುತ್ತಾರೆ, ಅದನ್ನು ನಂಬಿ ಕೂರಬೇಡಿ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ಎರಡು ವಾರದಲ್ಲೇ ಕೆಲಸ ಶುರುವಾಗಬೇಕು. ನಿಖರ ದಿನಾಂಕ ಆಯಾ ವರ್ಷದ ಸುತ್ತೋಲೆಯಲ್ಲೇ ನೋಡಿ.

## ಹಂತ 1: ಲಾಗಿನ್ ಮತ್ತು ಪಾಸ್‌ಬುಕ್, ಮೊದಲೇ

ಪೋರ್ಟಲ್ ಕೊನೆಗೆ ಅಂದೆ, ನಿಜ. ಆದರೆ ಬಾಗಿಲಿನ ಕೀಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಇ-ಮಿಯಾಸ್ ಅನ್ನುವ ಪೋರ್ಟಲ್‌ನಲ್ಲಿ ಶಾಲೆ ಒಂದೇ ಒಂದು ಸಲ ನೋಂದಣಿ ಮಾಡಿಕೊಳ್ಳಬೇಕು. ಅದಕ್ಕೆ ಜಿಲ್ಲಾ ಹಂತದಲ್ಲಿ ಒಪ್ಪಿಗೆ ಸಿಗಬೇಕು, ಆಮೇಲೆ ಶಾಲೆಯ ಇಮೇಲ್‌ಗೆ ಲಾಗಿನ್ ವಿವರ ಬರುತ್ತದೆ. ಒಪ್ಪಿಗೆಗೆ ದಿನ ಹಿಡಿಯುತ್ತದೆ. ಕೊನೆಯ ವಾರ ಹೊಸದಾಗಿ ನೋಂದಣಿಗೆ ಕೂತ ಶಾಲೆಗೆ ಆ ವರ್ಷ ಬಹುತೇಕ ಕೈತಪ್ಪಿದಂತೆಯೇ.

ಈಗಾಗಲೇ ನೋಂದಣಿ ಆಗಿರುವ ಶಾಲೆಗಳ ಕಷ್ಟ ಬೇರೆ. ಹಿಂದಿನ ಮುಖ್ಯ ಶಿಕ್ಷಕರು ತಮ್ಮ ಸ್ವಂತ ಇಮೇಲ್ ಕೊಟ್ಟಿರುತ್ತಾರೆ, ಈಗ ಅವರಿಗೆ ವರ್ಗಾವಣೆ ಆಗಿರುತ್ತದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಜೂನ್‌ನಲ್ಲೇ ಒಮ್ಮೆ ಲಾಗಿನ್ ಆಗಿ ನೋಡಿ. ಆಗದಿದ್ದರೆ ಹೊಸ ನೋಂದಣಿಗೆ ಹೋಗಬೇಡಿ, ಅದೇ ಯುಡೈಸ್ ಕೋಡಿಗೆ ಎರಡನೇ ಖಾತೆ ಮಾಡಲು ಹೋಗಿ ಗೊಂದಲ ಆಗುತ್ತದೆ. ನಿಮ್ಮ ಜಿಲ್ಲೆಯ ನೋಡಲ್ ಅಧಿಕಾರಿಯನ್ನು ಕೇಳಿ ಹಳೆಯದನ್ನೇ ಸರಿಪಡಿಸಿಕೊಳ್ಳಿ. ಅವರು ಯಾರು ಅಂತ ಗೊತ್ತಿಲ್ಲದಿದ್ದರೆ ಡಯಟ್‌ಗೆ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಒಂದು ಫೋನ್ ಮಾಡಿದರೆ ತಿಳಿಯುತ್ತದೆ.

ಇನ್ನು ಬ್ಯಾಂಕ್. ಐಡಿಯಾ ಚೆನ್ನಾಗಿದ್ದು, ಆಯ್ಕೆಯೂ ಆಗಿ, ದುಡ್ಡು ಬಾರದೆ ಪರದಾಡುವವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಇವಿಷ್ಟನ್ನು ಪಾಸ್‌ಬುಕ್ ತೆರೆದಿಟ್ಟುಕೊಂಡೇ ನೋಡಿ:

ಖಾತೆ ಮಗುವಿನ ಹೆಸರಿನಲ್ಲಿ ಇರಲಿ. ಅಪ್ಪನ ಖಾತೆ, ಅಮ್ಮನ ಸಂಘದ ಖಾತೆ ಬೇಡ. 10 ವರ್ಷ ದಾಟಿದ ಮಗುವಿಗೆ ತನ್ನ ಹೆಸರಿನಲ್ಲೇ ಖಾತೆ ತೆರೆಯಲು ಅವಕಾಶವಿದೆ.

ಹೆಸರು ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ ಒಂದೇ ಥರ ಇದೆಯಾ? ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಮಾಮೂಲು. ಸರಿಪಡಿಸಲು ಸಮಯ ಇರುವುದು ಈಗ ಮಾತ್ರ.

ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಹಳೆಯದಲ್ಲ ತಾನೇ? ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ಸೇರಿ ವರ್ಷಗಳೇ ಆದವು, ಹಳೆ ಪಾಸ್‌ಬುಕ್ ಮಾತ್ರ ಇನ್ನೂ ಮನೆಯಲ್ಲಿ ಓಡಾಡುತ್ತಿರುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದಾಗಿವೆ. ಆ ಖಾತೆಯ ಮಕ್ಕಳು ಶಾಖೆಗೆ ಹೋಗಿ ಈಗಿನ ಕೋಡ್ ಕೇಳಿಕೊಂಡು ಬರಲಿ. ಇನ್ನೊಂದು: ಈ ಕೋಡಿನಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ‘ಓ’ ಅಕ್ಷರ ಒತ್ತುವವರು ಎಷ್ಟು ಜನ ಅಂತೀರಿ!

ಖಾತೆ ನಿಷ್ಕ್ರಿಯ ಆಗಿದ್ದರೆ ಶಾಖೆಯಲ್ಲಿ ಕೆವೈಸಿ (ಗುರುತು, ವಿಳಾಸದ ದಾಖಲೆ ಕೊಡುವುದು) ಮುಗಿಸಿ, ನೂರೋ ಐವತ್ತೋ ಹಾಕಿ ಎಬ್ಬಿಸಿ. ಆಧಾರ್ ಜೋಡಣೆ ಆಗಿದೆಯಾ ಅಂತಲೂ ಕೇಳಿಸಿ. ಈ ಕೆಲಸ ದಂಡ ಆಗುವುದಿಲ್ಲ. 8ನೇ ತರಗತಿಯ ಮಗು ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಪರೀಕ್ಷೆ ಪಾಸಾಗಿ ಪಟ್ಟಿಯಲ್ಲಿ ಬಂದರೆ ವರ್ಷಕ್ಕೆ 12,000 ರೂಪಾಯಿ ಬರುವುದೂ ಇಂಥದೇ ಖಾತೆಗೆ.

ಇಷ್ಟು ಮುಗಿದ ಮೇಲೆ ಪೋರ್ಟಲ್ ಮುಚ್ಚಿಬಿಡಿ. ಆಗಸ್ಟ್ ಕೊನೆಯವರೆಗೆ ಅದರ ಕೆಲಸ ಇಲ್ಲ.

## ಹಂತ 2: ತರಗತಿಯಲ್ಲಿ ‘ತೊಂದರೆ ಪುಸ್ತಕ’

ಇಡೀ ಕೆಲಸದ ತಿರುಳು ಇಲ್ಲಿದೆ. ಬಹಳ ಜನ ಹಾರಿಸುವ ಹಂತವೂ ಇದೇ.

ಮಕ್ಕಳನ್ನು ಕೂರಿಸಿಕೊಂಡು “ಒಂದು ಹೊಸ ಐಡಿಯಾ ಹೇಳ್ರೋ” ಅಂದರೆ ಏನಾಗುತ್ತದೆ? ಮೌನ. ಆಮೇಲೆ ಹಿಂದಿನ ಬೆಂಚಿನಿಂದ ‘ರೋಬೋಟ್ ಸಾರ್’. ಐಡಿಯಾ ಕೇಳಬೇಡಿ. ತೊಂದರೆ ಕೇಳಿ. ನಿಮ್ಮ ಮನೆಯಲ್ಲಿ ಯಾವ ಕೆಲಸ ಮಾಡುವಾಗ ಯಾರು ಬೈಯುತ್ತಾ ಮಾಡುತ್ತಾರೆ? ಯಾವ ಕೆಲಸಕ್ಕೆ ಅಜ್ಜಿಗೆ ಸೊಂಟ ನೋಯುತ್ತದೆ? ಬಿಸಿಯೂಟದ ಅಡುಗೆಯವರು ದೊಡ್ಡ ಪಾತ್ರೆ ಇಳಿಸುವಾಗ ಏನು ಮಾಡುತ್ತಾರೆ? ಹೀಗೆ ಕೇಳಿದರೆ ಮಾತು ನಿಲ್ಲುವುದಿಲ್ಲ.

ನೋಟ್‌ಬುಕ್ಕನ್ನು ತರಗತಿಯ ಕಿಟಕಿ ಹತ್ತಿರ ದಾರ ಕಟ್ಟಿ ಇಡಿ. ಯಾವ ಮಗು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದು. ಒಂದೇ ನಿಯಮ: ತೊಂದರೆ ಮಾತ್ರ, ಪರಿಹಾರ ಬರೆಯುವಂತಿಲ್ಲ. ಪ್ರತಿ ಸಾಲಿನಲ್ಲಿ ಮೂರು ವಿಷಯ ಇರಲಿ. ಯಾರಿಗೆ, ಯಾವಾಗ, ಏನಾಗುತ್ತದೆ. ‘ಪರಿಸರ ಮಾಲಿನ್ಯ’ ಅಂತ ಬರೆದರೆ ಅದು ತೊಂದರೆ ಅಲ್ಲ, ಪ್ರಬಂಧದ ಶೀರ್ಷಿಕೆ. ‘ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ಅಮ್ಮ ರಾತ್ರಿ ಕೈ ಉರಿಗೆ ನಿದ್ದೆ ಮಾಡುವುದಿಲ್ಲ’ ಅನ್ನುವುದು ತೊಂದರೆ.

ಊರಿಗೊಂದು ಥರ ತೊಂದರೆ ಬರುತ್ತದೆ, ಬರಬೇಕು. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು. ಮಲೆನಾಡಿನಲ್ಲಿ ಅಂಗಳದ ತುಂಬ ಅಡಿಕೆ ಹರವಿದಾಗ ದಿಢೀರ್ ಮಳೆ. ರಾಮನಗರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಹುಳುವಿಗೆ ಊಜಿ ನೊಣದ ಕಾಟ, ಹುಳು ಗೂಡು ಕಟ್ಟುವ ಚಂದ್ರಿಕೆ ತೊಳೆಯುವ ಕೆಲಸ. ತುಮಕೂರಿನಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು. ಮೆಕ್ಕೆಜೋಳ ಬೆಳೆಯುವ ಕಡೆ ಟಾರು ರಸ್ತೆ ಮೇಲೆ ಒಣಗಿಸಿದ ಕಾಳನ್ನು ಗುಡಿಸಿ ತುಂಬುವುದು. ಬೆಂಗಳೂರಿನ ಮಕ್ಕಳಿಗೆ ಇಂಥದ್ದು ಇಲ್ಲ ಅಂತ ಯಾರು ಹೇಳಿದ್ದು? ನಾಲ್ಕನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊರುವವರನ್ನು ನೋಡಿಲ್ಲವಾ, ನೀರಿನ ಟ್ಯಾಂಕರ್ ಪೈಪು ಹಿಡಿದುಕೊಂಡು ನಿಲ್ಲುವವರನ್ನು?

ಈ ಪುಸ್ತಕಕ್ಕೆ ಕನಿಷ್ಠ ಮೂರು ವಾರ ಕೊಡಿ. ವಾರಕ್ಕೊಂದು ಪಿರಿಯಡ್‌ನಲ್ಲಿ ಎಲ್ಲವನ್ನೂ ಜೋರಾಗಿ ಓದಿಸಿ. ಒಬ್ಬರ ತೊಂದರೆ ಕೇಳಿ ಇನ್ನೊಬ್ಬರಿಗೆ ತಮ್ಮ ಮನೆಯದ್ದು ನೆನಪಾಗುತ್ತದೆ.

ಎಚ್ಚರಿಕೆಯ ಗುರುತು: ಪುಸ್ತಕದಲ್ಲಿ ಬರೀ ಮುಂದಿನ ಬೆಂಚಿನ ಮಕ್ಕಳ ಹೆಸರೇ ಕಾಣುತ್ತಿದ್ದರೆ ಏನೋ ತಪ್ಪಾಗಿದೆ. ಕೆಲಸ ಮಾಡಿ ಗೊತ್ತಿರುವ ಮಕ್ಕಳು, ಬೆಳಿಗ್ಗೆ ಹಾಲು ಕರೆದು ಬರುವವರು, ಸಂಜೆ ಗ್ಯಾರೇಜಿಗೆ ಹೋಗುವವರು, ಅವರ ಹತ್ತಿರವೇ ಒಳ್ಳೆಯ ತೊಂದರೆಗಳು ಇರುತ್ತವೆ. ಬರೆಯಲು ಹಿಂಜರಿದರೆ ಅವರು ಹೇಳಲಿ, ಪಕ್ಕದವರು ಬರೆಯಲಿ.

## ಹಂತ 3: ಜರಡಿ ಹಿಡಿಯುವುದು

ಪುಸ್ತಕದಲ್ಲಿ ಅರವತ್ತು ಎಪ್ಪತ್ತು ತೊಂದರೆ ಸೇರಿರುತ್ತವೆ ಅಂದುಕೊಳ್ಳಿ. ಎಲ್ಲಕ್ಕೂ ಪರಿಹಾರ ಹುಡುಕಲು ಆಗುವುದಿಲ್ಲ. ತರಗತಿಯಲ್ಲೇ, ಮಕ್ಕಳ ಕೈಯಲ್ಲೇ ಈ ಪ್ರಶ್ನೆಗಳನ್ನು ಹಾಕಿಸಿ.

ಇದನ್ನು ಆ ಮಗು ಕಣ್ಣಾರೆ ನೋಡಿದೆಯಾ? ವಾರಕ್ಕೆ ಒಮ್ಮೆಯಾದರೂ ನೋಡಲು ಸಿಗುತ್ತದಾ? ಇದು ಒಂದು ವಸ್ತುವಿನಿಂದ ಕಡಿಮೆ ಆಗುವ ತೊಂದರೆಯಾ, ಅಥವಾ ಹೊಸ ಕಾನೂನೋ ಜಾಗೃತಿಯೋ ಬೇಕಾದ ತೊಂದರೆಯಾ? ಊರಿಗೆ ಬಸ್ ಇಲ್ಲ ಅನ್ನುವುದು ನಿಜವಾದ ಕಷ್ಟವೇ, ಆದರೆ ಅದು ಇನ್‌ಸ್ಪೈರ್‌ಗೆ ಹೊಂದುವುದಿಲ್ಲ.

ಹೀಗೆ ಮಾಡಿದರೆ ಹದಿನೈದೋ ಇಪ್ಪತ್ತೋ ಉಳಿಯುತ್ತವೆ. ಈಗ ಪರಿಹಾರದ ಮಾತಿಗೆ ಬಾಯಿ ಬಿಡಲು ಅವಕಾಶ ಕೊಡಿ. ಒಂದು ಐಡಿಯಾಗೆ ಒಂದೇ ಮಗುವಿನ ಹೆಸರು ಇರಬೇಕು. ವಿಜ್ಞಾನ ವಸ್ತುಪ್ರದರ್ಶನದ ಥರ ಇಬ್ಬರು ಮೂವರು ಸೇರಿದ ತಂಡ ಇಲ್ಲಿ ನಡೆಯುವುದಿಲ್ಲ, ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೊನೆಗೆ ಗೆಳೆಯರ ಮಧ್ಯೆ ಜಗಳ.

## ಹಂತ 4: ಈಗಾಗಲೇ ಇದೆಯಾ ಅಂತ ಹುಡುಕುವುದು

ಹೊಸತನ ಇಲ್ಲಿ ಮೊದಲ ಅಳತೆ. ಆಮೇಲೆ ಸಮಾಜಕ್ಕೆ ಉಪಯೋಗ, ಪರಿಸರಕ್ಕೆ ತೊಂದರೆ ಇಲ್ಲದಿರುವುದು, ಬಳಸಲು ಸುಲಭ ಇರುವುದು, ಈಗ ಸಿಗುವ ವಸ್ತುಗಳಿಗಿಂತ ಎಲ್ಲಿ ಮೇಲು ಅನ್ನುವುದು. ಮೊದಲನೆಯದರಲ್ಲೇ ಬಿದ್ದರೆ ಉಳಿದದ್ದನ್ನು ಯಾರು ಓದುತ್ತಾರೆ?

ಫೋನಿನಲ್ಲಿ ಹುಡುಕಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ, ಆಗುವುದಾದರೆ ಹಿಂದಿಯಲ್ಲೂ. ಗೂಗಲ್ ಮಾತ್ರ ಸಾಲದು, ಯೂಟ್ಯೂಬ್ ನೋಡಿ, ಅಮೆಜಾನ್ ಫ್ಲಿಪ್‌ಕಾರ್ಟ್‌ನಲ್ಲಿ ಮಾರುತ್ತಿದ್ದಾರಾ ನೋಡಿ, ಗೂಗಲ್ ಪೇಟೆಂಟ್ಸ್‌ನಲ್ಲಿ ಚಿತ್ರಗಳನ್ನಾದರೂ ಕಣ್ಣಾಡಿಸಿ. ಊರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳುವುದನ್ನು ಮರೆಯಬೇಡಿ. ಎಷ್ಟೋ ಸಲಕರಣೆಗಳು ಇಂಟರ್ನೆಟ್ಟಿಗೆ ಬರುವ ಮುಂಚೆ ಅಲ್ಲಿ ಹುಟ್ಟಿರುತ್ತವೆ.

ಮೆಣಸಿನಕಾಯಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹುಡುಕಿದರೆ ಏನು ಸಿಗುತ್ತದೆ? ತೊಟ್ಟು ಬಿಡಿಸುವ ದೊಡ್ಡ ಯಂತ್ರಗಳಿವೆ, ಕೂಲಿಗೆ ಹೋಗುವ ಹೆಂಗಸರು ಕೊಳ್ಳುವಂಥವಲ್ಲ. ರಬ್ಬರ್ ಕೈಗವಸು ಇದೆ, ಹಾಕಿಕೊಂಡರೆ ಕೈ ಬೆವರುತ್ತದೆ, ಸಣ್ಣ ತೊಟ್ಟು ಹಿಡಿತಕ್ಕೆ ಸಿಗುವುದಿಲ್ಲ. ಈಗ ಮಗುವಿಗೆ ಖಾಲಿ ಜಾಗ ಕಂಡಿತು: ಕಡಿಮೆ ದುಡ್ಡಿನದು, ಬೆರಳಿಗೆ ಹಾಕಿಕೊಳ್ಳುವಂಥದ್ದು, ಗಾಳಿ ಆಡುವಂಥದ್ದು. ಹೆಬ್ಬೆರಳಿಗೆ ಒಂದು ತಗಡಿನ ಟೋಪಿ, ಅದರ ತುದಿಯಲ್ಲಿ ಸಣ್ಣ ಕಚ್ಚು, ಕಚ್ಚಿನಲ್ಲಿ ತೊಟ್ಟು ಸಿಕ್ಕಿಸಿ ಎಳೆದರೆ ಬಿಡಬೇಕು. ಕೆಲಸ ಮಾಡುತ್ತದೋ ಇಲ್ಲವೋ ಆಮೇಲಿನ ಮಾತು, ಆದರೆ ಇದು ಆ ಮಗು ಯೋಚಿಸಿದ್ದು ಅಂತ ಓದಿದವರಿಗೆ ಗೊತ್ತಾಗುತ್ತದೆ. ಹಾಂ, ಇಲ್ಲಿ ಬರೆದುಬಿಟ್ಟಿದ್ದೇನೆ, ಇದನ್ನೇ ಎತ್ತಿ ಕಳಿಸಬೇಡಿ.

ಹುಡುಕಿದ್ದು ಸಿಕ್ಕಿತು ಅಂತ ಐಡಿಯಾ ಕೂಡಲೇ ಬಿಡಬೇಕಾಗಿಲ್ಲ. ಸಿಕ್ಕಿದ್ದು ಯಾರಿಗೆ ಹೊಂದುವುದಿಲ್ಲ, ಯಾಕೆ ಹೊಂದುವುದಿಲ್ಲ ಅಂತ ಮಗು ಹೇಳಬಲ್ಲುದಾದರೆ ಮುಂದುವರಿಸಿ. ಹೇಳಲಾಗದಿದ್ದರೆ ಬಿಡಿ.

ಬಹಳ ಮಂದಿ ಮಾಡುವ ತಪ್ಪು ಒಂದಿದೆ. ಇರುವ ವಸ್ತುವಿಗೇ ಸೆನ್ಸರ್, ಸೋಲಾರ್ ಪ್ಯಾನಲ್, ಮೊಬೈಲ್ ಆ್ಯಪ್ ಮೂರನ್ನೂ ಅಂಟಿಸಿ ‘ಹೊಸತು’ ಅನ್ನುವುದು. ಮಗುವಿಗೆ ಆ ಸರ್ಕ್ಯೂಟ್ ತಿಳಿದಿರುವುದಿಲ್ಲ, ಕೇಳಿದರೆ ಶಿಕ್ಷಕರ ಮುಖ ನೋಡುತ್ತದೆ. ಎಲೆಕ್ಟ್ರಾನಿಕ್ಸ್ ಬೇಡ ಅಂತಲ್ಲ. ಅದು ಇಲ್ಲದೆ ಆಗುವ ಕೆಲಸಕ್ಕೆ ಅದು ಬೇಡ.

## ಹಂತ 5: ರಟ್ಟಿನಲ್ಲಿ ಮಾಡಿ, ಒಮ್ಮೆ ಮುರಿಯಲಿ

ನಾಮನಿರ್ದೇಶನಕ್ಕೆ ಮಾದರಿ ಬೇಕಿಲ್ಲ, ಐಡಿಯಾ ಸಾಕು. ಆದರೂ ಮಾಡಿಸಿ. ರಟ್ಟು, ಹಳೆ ಬಾಟಲಿ, ಸೈಕಲ್ ಕಡ್ಡಿ, ಏನಾದರೂ ಸರಿ. ಕಾಗದದ ಮೇಲೆ ಚೆನ್ನಾಗಿ ಕಾಣುವುದು ಕೈಯಲ್ಲಿ ಹಿಡಿದಾಗ ಜಾರುತ್ತದೆ, ಬಾಗುತ್ತದೆ, ಎಡಗೈಯವರಿಗೆ ಆಗುವುದಿಲ್ಲ. ಇದೆಲ್ಲ ಈಗಲೇ ಗೊತ್ತಾದರೆ ಬರವಣಿಗೆ ತಾನಾಗಿ ಗಟ್ಟಿಯಾಗುತ್ತದೆ.

ಮಾಡಿದ್ದನ್ನು ಆ ತೊಂದರೆ ಅನುಭವಿಸುವವರ ಕೈಗೇ ಕೊಡಿಸಿ. ಅಮ್ಮ ಏನಂದರು? ‘ಇದು ತೂಕ ಜಾಸ್ತಿ ಕಣೋ’ ಅಂದರಾ? ಅದನ್ನು ಹಾಗೇ ಬರೆದುಕೊಳ್ಳಲಿ. ಫೋಟೋ ತೆಗೆದಿಡಿ, ದಿನಾಂಕ ಸಮೇತ. ಆಯ್ಕೆಯಾದರೆ ಪ್ರದರ್ಶನದ ದಿನ ಇದಕ್ಕೆ ಚಿನ್ನದ ಬೆಲೆ.

ಈ ಹಂತದಲ್ಲಿ ಶಿಕ್ಷಕರ ಕೈ ತುರಿಸುತ್ತದೆ. ‘ಇಲ್ಲಿ ಒಂದು ಸ್ಪ್ರಿಂಗ್ ಹಾಕಿದರೆ ಆಗುತ್ತದಲ್ಲ’ ಅನಿಸುತ್ತದೆ. ಹೇಳಬೇಡಿ. ‘ಬಿಟ್ಟ ತಕ್ಷಣ ಅದು ವಾಪಸ್ ಬರಬೇಕಾದರೆ ಏನು ಮಾಡಬಹುದು?’ ಅಂತ ಕೇಳಿ. ಸ್ಪ್ರಿಂಗ್ ಮಗುವೇ ಹೇಳುತ್ತದೆ, ಅಥವಾ ನಿಮಗೆ ಹೊಳೆಯದ ಸೈಕಲ್ ಟ್ಯೂಬ್ ಹೇಳುತ್ತದೆ.

## ಹಂತ 6: ಬರವಣಿಗೆ

ಐಡಿಯಾವನ್ನು ಯಾವ ಭಾರತೀಯ ಭಾಷೆಯಲ್ಲಾದರೂ ಕಳಿಸಬಹುದು. ಹಾಗಾಗಿ ಕನ್ನಡದಲ್ಲೇ ಬರೆಸಿ. ಮಗು ಕನ್ನಡದಲ್ಲಿ ಹೇಳಿದ್ದನ್ನು ನೀವು ಇಂಗ್ಲಿಷ್‌ಗೆ ತಿರುಗಿಸಿ ದೊಡ್ಡ ದೊಡ್ಡ ಪದ ತುಂಬಿದರೆ ಮಗುವಿನ ದನಿಯೇ ಹೋಗುತ್ತದೆ.

ಈ ಕ್ರಮದಲ್ಲಿ ಬರೆಸಿ. ಮೊದಲ ಎರಡು ಮೂರು ಸಾಲಿನಲ್ಲಿ ಯಾರ, ಯಾವ ತೊಂದರೆ, ಎಲ್ಲಿ ನೋಡಿದೆ. ಆಮೇಲೆ ಈಗ ಅವರು ಏನು ಮಾಡುತ್ತಾರೆ, ಅದರಲ್ಲಿ ಏನು ಕೊರತೆ. ನಂತರ ನನ್ನ ಐಡಿಯಾ ಏನು, ಯಾವ ಭಾಗ ಯಾವ ಕೆಲಸ ಮಾಡುತ್ತದೆ. ಇದು ಅತಿ ಉದ್ದದ ಭಾಗ ಆಗಿರಬೇಕು. ಕೊನೆಗೆ ಯಾವ ಸಾಮಾನಿನಿಂದ ಮಾಡುತ್ತೇನೆ, ಅಂದಾಜು ಖರ್ಚು ಎಷ್ಟು, ಮಾಡಿ ನೋಡಿದಾಗ ಏನು ಕಂಡಿತು.

ಬೇಡವಾದದ್ದು: ‘ಇಂದಿನ ಆಧುನಿಕ ಯುಗದಲ್ಲಿ’ ಅನ್ನುವ ಪೀಠಿಕೆ, ವಿಜ್ಞಾನಿಗಳ ಮಾತು, ರೈತ ದೇಶದ ಬೆನ್ನೆಲುಬು. ಅರ್ಧ ಪುಟ ಇದಕ್ಕೇ ಹೋಗಿ, ವಸ್ತು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಸಾಲು ಉಳಿದಿರುತ್ತದೆ.

ಚಿತ್ರ ಮಗುವೇ ಬಿಡಿಸಲಿ. ಸೊಟ್ಟಗಿದ್ದರೂ ಪರವಾಗಿಲ್ಲ. ಭಾಗಗಳಿಗೆ ಬಾಣದ ಗುರುತು ಹಾಕಿ ಹೆಸರು ಬರೆಯಲಿ, ಅಳತೆ ಹಾಕಲಿ. ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರ ಹಾಕಿದರೆ ಅನುಮಾನ ಅಲ್ಲಿಂದಲೇ ಶುರು. ಚಾಟ್‌ಜಿಪಿಟಿ ಥರದವುಗಳಲ್ಲಿ ಬರೆಸಿದ್ದೂ ಅಷ್ಟೇ, ಐದು ಮಕ್ಕಳ ಬರಹ ಒಂದೇ ಅಚ್ಚಿನಲ್ಲಿ ಇರುತ್ತದೆ.

ಶೀರ್ಷಿಕೆ ಸರಳವಾಗಿರಲಿ. ‘ಬಹುಪಯೋಗಿ ಸ್ಮಾರ್ಟ್ ಕೃಷಿ ಯಂತ್ರ’ ಅಂದರೆ ಏನೂ ತಿಳಿಯುವುದಿಲ್ಲ. ‘ಮೆಣಸಿನಕಾಯಿ ತೊಟ್ಟು ಬಿಡಿಸುವ ಬೆರಳು ಟೋಪಿ’ ಅಂದರೆ ತಿಳಿಯುತ್ತದೆ, ಅಲ್ವಾ?

## ಹಂತ 7: ಐದನ್ನು ಆರಿಸುವುದು

ಒಬ್ಬರೇ ಆರಿಸಬೇಡಿ. ವಿಜ್ಞಾನ, ಗಣಿತ, ಭಾಷಾ ಶಿಕ್ಷಕರು ಒಬ್ಬೊಬ್ಬರು ಕೂರಲಿ, ಸಾಧ್ಯವಾದರೆ ಊರಿನ ಒಬ್ಬ ಮೆಕ್ಯಾನಿಕ್ಕನ್ನೋ ರೈತರನ್ನೋ ಕರೆಯಿರಿ. ಪ್ರತಿ ಮಗು ಮೂರು ನಿಮಿಷ ಹೇಳಲಿ, ಕೈಯಲ್ಲಿ ಚೀಟಿ ಇಲ್ಲದೆ. ನಡುವೆ ಒಂದು ಪ್ರಶ್ನೆ ಹಾಕಿ: ಇದು ಕೆಟ್ಟು ನಿಲ್ಲುವುದು ಯಾವಾಗ? ಸ್ವಂತ ಐಡಿಯಾ ಇರುವ ಮಗು ಥಟ್ಟನೆ ಉತ್ತರ ಕೊಡುತ್ತದೆ.

ಅಂಕಪಟ್ಟಿ ನೋಡಿ ಆರಿಸಬೇಡಿ. ದಾನಿಗಳ ಮಗ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಮಗಳು ಅನ್ನುವ ಒತ್ತಡ ಬಂದರೆ ಈ ಸಮಿತಿಯ ನಡಾವಳಿ ನಿಮ್ಮ ಕೈ ಹಿಡಿಯುತ್ತದೆ, ಅದಕ್ಕೇ ಬರೆದು ಸಹಿ ಹಾಕಿಸಿಡಿ.

ಎರಡು ಐಡಿಯಾ ಒಂದೇ ಮಟ್ಟದಲ್ಲಿದ್ದರೆ 8 ಅಥವಾ 9ನೇ ತರಗತಿಯದ್ದನ್ನು ಕಳಿಸಿ ಅನ್ನುವುದು ನನ್ನ ಅಭಿಪ್ರಾಯ. ಆಯ್ಕೆ, ಹಣ, ಪ್ರದರ್ಶನ ಅಂತ ತಿಂಗಳುಗಟ್ಟಲೆ ಆಗುತ್ತದೆ. 10ನೇ ತರಗತಿಯ ಮಗು ಆ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಓದಿನಲ್ಲಿ ಮುಳುಗಿರುತ್ತದೆ, ಇಲ್ಲವೇ ಪಿಯುಗೆ ಬೇರೆ ಊರಿಗೆ ಹೋಗಿರುತ್ತದೆ. 10ನೆಯವರ ಐಡಿಯಾ ನಿಜಕ್ಕೂ ಮೇಲಿದ್ದರೆ ಕಳಿಸಲೇಬೇಕು, ಮನೆಯವರ ಎರಡು ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಐದು ತುಂಬಲೇಬೇಕು ಅಂತ ಎರಡು ನಕಲು ಸೇರಿಸುವುದಕ್ಕಿಂತ ಮೂರು ಒಳ್ಳೆಯದು ಕಳಿಸುವುದು ವಾಸಿ. ಮೇಲಿನವರು ಸಂಖ್ಯೆ ಕೇಳುತ್ತಾರೆ, ಗೊತ್ತು. ಅದಕ್ಕೇ ಜೂನ್‌ನಲ್ಲಿ ಶುರು ಮಾಡಿ ಅಂದದ್ದು.

## ಹಂತ 8: ಪೋರ್ಟಲ್‌ಗೆ ಏರಿಸುವುದು

ಆಗಸ್ಟ್ ಕೊನೆಯಲ್ಲಿ ಕೂತುಕೊಳ್ಳಿ. ಕೊನೆಯ ಎರಡು ದಿನ ಸರ್ವರ್ ಏಳುವುದಿಲ್ಲ, ಓಟಿಪಿ ಬರುವುದಿಲ್ಲ, ಕರೆಂಟು ಇರುವುದಿಲ್ಲ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯಾ ನೋಡಿಕೊಂಡೇ ಲಾಗಿನ್ ಆಗಿ, ದುಡ್ಡು ಕೇಳುವ ನಕಲಿ ಪುಟಗಳಿಗೆ ಹೋಗಬೇಡಿ. ಈ ಯೋಜನೆಗೆ ಯಾವ ಶುಲ್ಕವೂ ಇಲ್ಲ. ಸೈಬರ್ ಸೆಂಟರಿನಲ್ಲಿ ಮಾಡಿಸಿದರೆ ಶಿಕ್ಷಕರು ಪಕ್ಕದಲ್ಲೇ ಕೂತಿರಿ, ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿಸಿ.

ಕನ್ನಡ ಬರಹ ಏರಿಸುವಾಗ ಒಂದು ಪೇಚು ಇದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಓದುವವರು ದೂರದಲ್ಲಿ ಎಲ್ಲೋ ಇರುತ್ತಾರೆ, ಫೋನ್ ಮಾಡಿ ಕೇಳುವುದಿಲ್ಲ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಆ ಪಿಡಿಎಫ್ ಅನ್ನು ಇನ್ನೊಬ್ಬರ ಫೋನಿಗೆ ಕಳಿಸಿ ಸರಿಯಾಗಿ ತೆರೆಯುತ್ತದಾ ನೋಡಿ. ಫೈಲಿನ ಗಾತ್ರದ ಮಿತಿ ಅದೇ ಪುಟದಲ್ಲಿ ಬರೆದಿರುತ್ತದೆ. ಫೋಟೋ ಸ್ಕ್ಯಾನ್ ಮಾಡುವುದಾದರೆ ಹಗಲು ಬೆಳಕಿನಲ್ಲಿ, ಕೈ ನೆರಳು ಬೀಳದ ಹಾಗೆ.

ಒಬ್ಬರು ಪಾಸ್‌ಬುಕ್ ನೋಡಿ ಖಾತೆ ಸಂಖ್ಯೆ ಓದಲಿ, ಇನ್ನೊಬ್ಬರು ಪರದೆ ನೋಡಿ ಹೊಂದಿಸಲಿ. ಎಷ್ಟೇ ಬೇಸರ ಆದರೂ ಇದನ್ನು ಮಾಡಿ.

ಕಡೆಯ ಎಡವಟ್ಟು: ಸೇವ್ ಮಾಡಿದ್ದು ಕಳಿಸಿದಂತೆ ಅಲ್ಲ. ಮುಂದಕ್ಕೆ ಕಳಿಸುವ ಬಟನ್ ಒತ್ತಿದ ಮೇಲೆ ಸ್ಥಿತಿ ಬದಲಾಗಿದೆಯಾ ನೋಡಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಎರಡು ದಿನ ಬಿಟ್ಟು ಮತ್ತೆ ಲಾಗಿನ್ ಆಗಿ ಐದೂ ಹೋಗಿವೆಯಾ ಎಣಿಸಿ.

## ಹಂತ 9: ಆಯ್ಕೆ ಆದ ಮೇಲೆ 10,000 ರೂಪಾಯಿ

ಪಟ್ಟಿಯಲ್ಲಿ ಹೆಸರು ಬಂದ ದಿನ ಫ್ಲೆಕ್ಸ್ ಹಾಕಿಸುವ ಮುಂಚೆ ಮಗುವಿನ ಮನೆಯವರನ್ನು ಕರೆದು ಕೂರಿಸಿ. ದುಡ್ಡು ಮಗುವಿನ ಖಾತೆಗೆ ಬರುತ್ತದೆ, ಬಂದಿದ್ದು ಯಾವುದಕ್ಕೆ ಅಂತ ಮನೆಯವರಿಗೆ ಗೊತ್ತಿರಬೇಕು. ಬಿತ್ತನೆ ಕಾಲದಲ್ಲಿ ಖಾತೆಗೆ ಹತ್ತು ಸಾವಿರ ಬಂದರೆ ಅದು ಗೊಬ್ಬರಕ್ಕೆ ಹೋಗುವುದು ಆಶ್ಚರ್ಯ ಅಲ್ಲ, ಮೊದಲೇ ಮಾತಾಡಿದ್ದರೆ ಮುಜುಗರ ಇರುವುದಿಲ್ಲ. ಶಾಲೆಯವರೂ ಆ ದುಡ್ಡನ್ನು ಬಿಡಿಸಿಕೊಂಡು ತಾವೇ ಇಟ್ಟುಕೊಳ್ಳುವುದು ತಪ್ಪು.

ಮಾಡೆಲ್ ಮಾಡಿಕೊಡುತ್ತೇವೆ, ಇಷ್ಟು ಕೊಡಿ ಅನ್ನುವ ಅಂಗಡಿಗಳು ಪೇಟೆಯಲ್ಲಿವೆ. ಅಲ್ಲಿಗೆ ಹೋದ ಕೂಡಲೇ ಐಡಿಯಾ ಮಗುವಿನ ಕೈ ಬಿಟ್ಟಿತು ಅಂತ ತಿಳಿಯಿರಿ. ಕತ್ತರಿಸುವುದು, ವೆಲ್ಡ್ ಮಾಡುವುದು ದೊಡ್ಡವರ ಕೆಲಸ, ಅಪಾಯ ಇರುವುದರಿಂದ ಅವರೇ ಮಾಡಲಿ. ಆದರೆ ಮಗು ಪಕ್ಕದಲ್ಲಿ ನಿಂತು ಅಳತೆ ಹೇಳಲಿ. ಪ್ರತಿ ಬಿಲ್ಲನ್ನೂ ಒಂದು ಕವರಿನಲ್ಲಿ ಹಾಕಿಡಿ. ಅರ್ಧಕ್ಕಿಂತ ಜಾಸ್ತಿ ದುಡ್ಡನ್ನು ಮೊದಲ ಸುತ್ತಿನಲ್ಲೇ ಖರ್ಚು ಮಾಡಬೇಡಿ, ಮೊದಲ ಮಾದರಿ ಸರಿಹೋಗುವುದು ಅಪರೂಪ.

ದುಡ್ಡು ತಡವಾದರೆ ಕಾಯುತ್ತಾ ಕೂರಬೇಡಿ. ಪ್ರದರ್ಶನದ ದಿನಾಂಕ ಸ್ವಲ್ಪವೇ ಮುಂಚೆ ತಿಳಿಯುವುದುಂಟು. ರಟ್ಟಿನ ಮಾದರಿ ಇದ್ದವರು ಅಲ್ಲಿಂದ ಮುಂದುವರಿಸುತ್ತಾರೆ, ಇಲ್ಲದವರು ಥರ್ಮೋಕೋಲ್ ತರಲು ಓಡುತ್ತಾರೆ.

## ಹಂತ 10: ಪ್ರದರ್ಶನದ ದಿನ

ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರು ಮೊದಲು ನೋಡುವುದು ಇದು ಕೆಲಸ ಮಾಡುತ್ತದಾ ಅಂತ, ಎರಡನೆಯದು ಇದು ಯಾರದ್ದು ಅಂತ. ಮೇಜಿನ ಸುತ್ತ ಬಣ್ಣದ ಕಾಗದ, ಮಿಣಮಿಣ ದೀಪ ಸುತ್ತಲು ಸಮಯ ಕಳೆಯಬೇಡಿ. ತೊಟ್ಟು ಬಿಡಿಸುವುದಾದರೆ ಒಂದು ಬುಟ್ಟಿ ಮೆಣಸಿನಕಾಯಿ ತೆಗೆದುಕೊಂಡು ಹೋಗಿ. ತೀರ್ಪುಗಾರರ ಕೈಗೇ ಕೊಟ್ಟು ಬಿಡಿಸಿ ನೋಡಿ ಅನ್ನಲಿ.

ಮಗು ಕನ್ನಡದಲ್ಲಿ, ತನ್ನ ಊರಿನ ಮಾತಿನಲ್ಲೇ ಹೇಳಲಿ. ಬಾಯಿಪಾಠ ಮಾಡಿಸಿದ ಇಂಗ್ಲಿಷ್ ಮೊದಲ ಅಡ್ಡ ಪ್ರಶ್ನೆಗೇ ನಿಂತುಬಿಡುತ್ತದೆ. ಈ ಪ್ರಶ್ನೆಗಳಿಗೆ ಮನೆಯಲ್ಲೇ ಅಭ್ಯಾಸ ಆಗಿರಲಿ: ಯಾಕೆ ಈ ಸಾಮಾನು, ಮೊದಲ ಮಾದರಿಗೂ ಇದಕ್ಕೂ ಏನು ವ್ಯತ್ಯಾಸ, ಯಾರು ಬಳಸಿ ನೋಡಿದರು, ಅವರು ಏನು ಬೈದರು, ಬೆಲೆ ಎಷ್ಟು ಬೀಳುತ್ತದೆ. ಹಳೆ ರಟ್ಟಿನ ಮಾದರಿಯನ್ನೂ ಪಕ್ಕದಲ್ಲಿ ಇಡಿ, ನೋಟ್‌ಬುಕ್ಕನ್ನೂ ಇಡಿ. ಶಿಕ್ಷಕರು ಹತ್ತು ಹೆಜ್ಜೆ ದೂರ ಇರಬೇಕು. ಮಗು ತಡವರಿಸಿದಾಗ ಮಧ್ಯೆ ಬಾಯಿ ಹಾಕಿದರೆ ಅಲ್ಲಿಗೆ ಮುಗಿಯಿತು.

ಬ್ಯಾಗಿನಲ್ಲಿ ಟೇಪು, ಸ್ಕ್ರೂಡ್ರೈವರ್, ಎಕ್ಸ್‌ಟೆನ್ಷನ್ ಬೋರ್ಡ್, ಹೆಚ್ಚುವರಿ ಬ್ಯಾಟರಿ ಇರಲಿ. ಬಸ್ಸಿನಲ್ಲಿ ಬರುವಾಗ ಏನಾದರೂ ಬಿಟ್ಟುಕೊಂಡಿರುತ್ತದೆ.

ರಾಷ್ಟ್ರ ಮಟ್ಟ ತಲುಪಿದವರಿಗೆ ಐಡಿಯಾ ಇನ್ನಷ್ಟು ತಿದ್ದಲು ತಜ್ಞರ ಮಾರ್ಗದರ್ಶನ ಸಿಗುತ್ತದೆ. ಗೆದ್ದವರಲ್ಲಿ ಕೆಲವರು ಸಕುರಾ ವಿಜ್ಞಾನ ಕಾರ್ಯಕ್ರಮದಲ್ಲಿ ಜಪಾನ್‌ಗೆ ಹೋಗಿ ಬಂದಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿ, ಆದರೆ ಜೂನ್‌ನಲ್ಲಿ ಹೇಳಬೇಡಿ. ಮೊದಲೇ ಜಪಾನ್ ಅಂದರೆ ಎಲ್ಲರೂ ರೋಬೋಟ್ ಬರೆಯುತ್ತಾರೆ.

## ಆಯ್ಕೆ ಆಗದ ಐಡಿಯಾಗಳು

ತೊಂದರೆ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಆಯ್ಕೆ ಆಗದ್ದನ್ನು ಮುಂದಿನ ವರ್ಷ ಅದೇ ಮಗು ತಿದ್ದಿ ಮತ್ತೆ ತರಬಹುದು. ಇಬ್ಬರು ಸೇರಿ ಮಾಡುವಂಥದ್ದಾದರೆ ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ಯಬಹುದು. ಸರ್ವೆ ಮಾಡಿ, ಅಳೆದು, ಲೆಕ್ಕ ಹಾಕಿ ತಿಳಿಯಬೇಕಾದ ತೊಂದರೆ ಆಗಿದ್ದರೆ ಅದು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಚೆನ್ನಾಗಿ ಹೊಂದುತ್ತದೆ.

ಮತ್ತೆ ಆ ಪಾಸ್‌ವರ್ಡ್. ಈ ವರ್ಷದ ಲಾಗಿನ್, ಕೊಟ್ಟ ಇಮೇಲ್, ಮೊಬೈಲ್ ನಂಬರ್, ಯಾರ ಯಾರ ಐಡಿಯಾ ಹೋಯಿತು ಅನ್ನುವುದನ್ನು ಒಂದು ಪುಟದಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇಡಿ. ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ಆ ಲಕೋಟೆಯನ್ನೂ ಸೇರಿಸಿ. ಕೌನ್ಸೆಲಿಂಗ್ ಯಾವಾಗ ಬರುತ್ತದೋ, ಯಾರಿಗೆ ವರ್ಗ ಆಗುತ್ತದೋ ಹೇಳಲಾಗುವುದಿಲ್ಲ.